ಶುಶ್ರೂಷೆಯೂ ಅದರ ನ್ಯಾಯವಾದ ಕೂಲಿಯೂ

ಕೂಸನ್ನು ಎತ್ತಿ ಆಡಿಸುವುದು, ರೋಗಿಯ ಮೈ ಒರೆಸುವುದು, ಮುಪ್ಪಿನವರಿಗೆ ಕೈಯಾಸರೆಯಾಗುವುದು, ಇವನ್ನು ಲೋಕವು ಪುಣ್ಯಕಾರ್ಯಗಳೆಂದು ಕೊಂಡಾಡುತ್ತದೆ. ಆದರೆ ಇವನ್ನೇ ಜೀವನೋಪಾಯವಾಗಿ ಕೈಕೊಂಡವರಿಗೆ ಕೂಲಿ ಕೊಡುವ ಹೊತ್ತಿನಲ್ಲಿ ಅದೇ ಲೋಕವು ಕೈ ಬಿಗಿಹಿಡಿಯುತ್ತದೆ. ಈ ವೈಪರೀತ್ಯಕ್ಕೆ ಕಾರಣವೇನು? ಸೇವೆಗೆ ಬೆಲೆ ಕಟ್ಟುವುದು ಧರ್ಮವೆ, ಅಧರ್ಮವೆ? ಇದು ಗೃಹಸ್ಥರು ವಿಚಾರಿಸತಕ್ಕ ಪ್ರಶ್ನೆ.

ಕನಿಷ್ಠ ಕೂಲಿಯೆಂಬುದು ದಯೆಯಿಂದ ಕೊಡುವ ದಾನವಲ್ಲ, ಅದಕ್ಕೊಂದು ಅಳತೆಯುಂಟು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಆ ಅಳತೆಯನ್ನು ಹೇಳಿತು. ದುಡಿಯುವವನೊಬ್ಬನ ಗಳಿಕೆಯು ಮೂರು ಪಾಲು ಅನ್ನಕ್ಕೆ ಸಾಲಬೇಕು. ಪ್ರೌಢರೊಬ್ಬರಿಗೆ ದಿನಕ್ಕೆ 2,700 ಕ್ಯಾಲೊರಿಗಳಷ್ಟು ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ವಾಸಕ್ಕೆ ಬಾಡಿಗೆ, ಸೌದೆ ದೀಪ ಮೊದಲಾದವುಗಳಿಗೆ ಒಟ್ಟು ಕೂಲಿಯಲ್ಲಿ ನೂರಕ್ಕೆ 20. ಮಕ್ಕಳ ವಿದ್ಯೆ, ಔಷಧೋಪಚಾರ, ಮುಪ್ಪು ಇವುಗಳಿಗಾಗಿ ನೂರಕ್ಕೆ 25ನ್ನು ಲೆಕ್ಕಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಸೇರಿಸಿತು.

1948ರ ಕಾಯಿದೆಯು ಪಟ್ಟಿಯಲ್ಲಿ ಹೆಸರಿಸಿದ ಉದ್ಯೋಗಗಳಿಗೆ ಮಾತ್ರ ಈ ರಕ್ಷೆಯನ್ನಿತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯು ಆ ಪಟ್ಟಿಯ ಕಟ್ಟನ್ನು ಕಳಚಿತು. ಕೂಲಿಯನ್ನು ಗೊತ್ತುಮಾಡುವಾಗ ಅಕುಶಲ, ಅರೆಕುಶಲ, ಕುಶಲ, ಅತಿಕುಶಲವೆಂಬ ವರ್ಗಗಳನ್ನು ನೋಡತಕ್ಕದ್ದೆಂದು ಅದು ಹೇಳುತ್ತದೆ. ಹಾಗಾದರೆ ಶುಶ್ರೂಷೆಗೆ ಯಾವ ವರ್ಗ? ಅಳುವ ಕೂಸಿಗೆ ಹಸಿವೋ ನೋವೋ ಎಂದು ತಿಳಿಯುವುದು, ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸುವುದು, ಮರವೆ ಕವಿದ ವೃದ್ಧರನ್ನು ನೋಯಿಸದೆ ಸಮಾಧಾನಪಡಿಸುವುದು, ಇವು ಕೌಶಲವಲ್ಲವೆ? ತಾಯಂದಿರು ಮನೆಯೊಳಗೆ ಕೂಲಿಯಿಲ್ಲದೆ ಕಲಿತು ಮಾಡಿದ ವಿದ್ಯೆಯಾದುದರಿಂದ ಅದು ವಿದ್ಯೆಯೆಂದೇ ತೋರದೆ ಹೋಯಿತು. ಆಸ್ಟ್ರೇಲಿಯಾ ದೇಶದ ವೇತನ ನ್ಯಾಯಮಂಡಲಿಯು 2022ರಲ್ಲಿ ಈ ಮಾತನ್ನೇ ಒಪ್ಪಿ, ವೃದ್ಧರ ನೇರ ಆರೈಕೆಯ ಕೆಲಸವು ಸ್ತ್ರೀಯರದೆಂಬ ಭಾವನೆಯಿಂದ ಅಗ್ಗವಾಗಿತ್ತೆಂದು ಕಂಡು, ಕನಿಷ್ಠ ದರವನ್ನು ನೂರಕ್ಕೆ 15ರಂತೆ ಏರಿಸಿತು.

ನಮ್ಮಲ್ಲಿ ಇನ್ನೊಂದು ಬಗೆಯ ವರ್ಗೀಕರಣವುಂಟು: ಕೆಲಸಗಾರರೆಂದೇ ಎಣಿಸದಿರುವುದು. 1975ರ ಅಕ್ಟೋಬರ್ 2ರಂದು ಮೊದಲಾದ ಯೋಜನೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಗೌರವ ಸೇವಕರೆಂಬ ಹೆಸರು. ಅವರು ಪಡೆಯುವುದು ಸಂಬಳವಲ್ಲ, ಗೌರವಧನ. 2018ರ ಅಕ್ಟೋಬರಿನಲ್ಲಿ ಕೇಂದ್ರವು ಗೊತ್ತುಮಾಡಿದ್ದು ತಿಂಗಳಿಗೆ ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ 2,250. ರಾಜ್ಯಗಳು ಇದಕ್ಕೆ ತಮ್ಮ ಪಾಲನ್ನು ಸೇರಿಸುತ್ತವೆ. ಇವರದು ಸರಕಾರಿ ಹುದ್ದೆಯಲ್ಲವೆಂದು ಕರ್ನಾಟಕದ ಮೊಕದ್ದಮೆಯೊಂದರಲ್ಲಿ 2006ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವೇ, 2022ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಇವರು ಉಪದಾನಕ್ಕೆ ಅರ್ಹರೆಂದೂ ಗೌರವಧನವು ಆ ಕಾಯಿದೆಯ ಮಟ್ಟಿಗೆ ವೇತನವೇ ಎಂದೂ ತೀರ್ಮಾನಿಸಿತು. ಹೆಸರು ಬದಲಾದ ಮಾತ್ರಕ್ಕೆ ವಸ್ತು ಬದಲಾಗದು.

“ಸೇವೆಯು ನಿಷ್ಕಾಮವಾಗಿರಬೇಕಲ್ಲವೆ? ಕೂಲಿ ಕೇಳಿದರೆ ಅದು ಮಲಿನವಾಗದೆ?” ಎಂದು ಕೆಲವರು ಶಂಕಿಸಬಹುದು. ಆಯ್ದಕ್ಕಿ ಲಕ್ಕಮ್ಮನು ಗಂಡನು ಅಗತ್ಯಕ್ಕೆ ಮೀರಿ ತಂದ ಅಕ್ಕಿಯನ್ನು ಮರಳಿ ಸುರಿದು ಬರಹೇಳಿದಳೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಹೆಚ್ಚಾದುದನ್ನು ಒಲ್ಲೆನೆಂದವಳು ದುಡಿದ ಮನೆಯವಳು. ಕಡಿಮೆ ಕೊಡುವೆನೆಂದು ದುಡಿಸಿಕೊಂಡವನಲ್ಲ. ತ್ಯಾಗವು ಮಾಡುವವನ ಸ್ವಾತಂತ್ರ್ಯ. ಪರರಿಂದ ತ್ಯಾಗವನ್ನು ಕಿತ್ತುಕೊಳ್ಳುವುದು ಅಪಹಾರ. ದಾಸೋಹವೂ ತನ್ನ ಗಳಿಕೆಯಿಂದ ಆಗಬೇಕಲ್ಲದೆ ಅನ್ಯರ ಬೆವರಿನಿಂದಲ್ಲ.

ಮುದಿತಾಯಿಯ ಆರೈಕೆಗೆ ಹೆಣ್ಣುಮಗಳೊಬ್ಬಳನ್ನು ಗೊತ್ತುಮಾಡಿಕೊಂಡ ಸಾಮಾನ್ಯ ಗೃಹಸ್ಥನಿಗೂ ಕಷ್ಟವುಂಟು. ಅವನ ಗಳಿಕೆಯೂ ಮಿತವಾದುದು. ಅದು ಸುಳ್ಳಲ್ಲ. ಆದರೆ ಪೂರ್ಣ ದಿನದ ಕೂಲಿಗೆ ಶಕ್ತಿಯಿಲ್ಲದವನು ಅರ್ಧ ದಿನದ ಕೆಲಸವನ್ನು ಕೇಳಲಿ, ಉಳಿದರ್ಧವನ್ನು ಮಕ್ಕಳು ಸೊಸೆಯಂದಿರು ಹಂಚಿಕೊಳ್ಳಲಿ. ಅರ್ಧ ಕೂಲಿಗೆ ಪೂರ್ಣ ದಿನವನ್ನು ಬೇಡದಿರಲಿ. “ನೀನು ಮನೆಮಗಳಿದ್ದಂತೆ” ಎಂಬ ಸವಿನುಡಿಯಿಂದ ರಜೆಯನ್ನೂ ಸಂಬಳವನ್ನೂ ತಡೆಯದಿರಲಿ. ಮನೆಮಗಳೆಂಬುದು ನಿಜವಾದರೆ ಅವಳ ಮನೆಯಲ್ಲಿಯೂ ಒಲೆ ಉರಿಯಬೇಕೆಂಬ ಚಿಂತೆ ಅವನಿಗಿರಬೇಕು. ತಾಯಿಯ ಸೇವೆಯಿಂದ ಬರುವ ಪುಣ್ಯದಲ್ಲಿ ಇನ್ನೊಬ್ಬ ತಾಯಿಯ ಮಕ್ಕಳ ಹಸಿವು ಬೆರೆಯದಿರಲಿ.