ಎತ್ತರದ ಬೆಲೆ

ಬಾಯಾರಿ ಬಂದವನಿಗೆ ನೀರು ಕೊಟ್ಟು ಅದಕ್ಕೆ ಬೆಲೆ ಕೇಳಬಾರದೆಂಬುದು ಹಿರಿಯರು ನಡೆಸಿಕೊಂಡು ಬಂದ ಧರ್ಮ. ಅರವಟ್ಟಿಗೆಯನ್ನಿಟ್ಟವನು ಲೆಕ್ಕದ ಪುಸ್ತಕವನ್ನಿಡುವುದಿಲ್ಲ. ಹೀಗಿರಲು, ಒಂದು ದೇಶವೇ ತನ್ನ ನದಿಯ ನೀರನ್ನು ನೆರೆಯವರಿಗೆ ಮಾರಿ ಬೊಕ್ಕಸವನ್ನು ತುಂಬಿಕೊಳ್ಳುವುದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುವುದು. ಆಫ್ರಿಕಾ ಖಂಡದ ದಕ್ಷಿಣದಲ್ಲಿರುವ ಲೆಸೊಥೊ ಎಂಬ ಪುಟ್ಟ ರಾಜ್ಯವು ಈ ಪ್ರಶ್ನೆಗೆ ನಿದರ್ಶನವಾಗಿದೆ.

ಈ ರಾಜ್ಯವನ್ನು ನಾಲ್ಕು ದಿಕ್ಕುಗಳಲ್ಲಿಯೂ ದಕ್ಷಿಣ ಆಫ್ರಿಕವೇ ಸುತ್ತುವರಿದಿದೆ. ಸಮುದ್ರಮಟ್ಟದಿಂದ 4,500 ಅಡಿಗಳಿಗಿಂತ ಕೆಳಗಿರುವ ನೆಲವು ಅಲ್ಲಿ ಎಲ್ಲಿಯೂ ಇಲ್ಲ; ಉಳಲು ಯೋಗ್ಯವಾದುದು ಹತ್ತರಲ್ಲೊಂದು ಪಾಲಿನಷ್ಟು ಮಾತ್ರ. ಅದು 1966ರಲ್ಲಿ ಸ್ವತಂತ್ರವಾಯಿತು. ಆದರೆ ಅದಕ್ಕೆ ಬಹು ಮೊದಲಿನಿಂದಲೂ ಆ ನಾಡು ಮಾರುತ್ತಿದ್ದುದು ತನ್ನ ಗಂಡಸರ ದುಡಿಮೆಯನ್ನು. 1980ರ ದಶಕದ ಕೊನೆಯಲ್ಲಿ ಲಕ್ಷಕ್ಕೂ ಮೀರಿದ ಜನರು ನೆರೆನಾಡಿನ ಗಣಿಗಳಲ್ಲಿ ದುಡಿಯುತ್ತಿದ್ದರು. ಹೊಲವನ್ನೂ ಮನೆಯನ್ನೂ ಹೆಂಗಸರು ನೋಡಿಕೊಳ್ಳುತ್ತಿದ್ದರು. ಕಲ್ಲಿನ ಧೂಳಿನಿಂದ ಶ್ವಾಸಕೋಶಗಳನ್ನು ಕೆಡಿಸಿಕೊಂಡು ಹಿಂದಿರುಗಿದವರು ಅನೇಕರು. ಮನುಷ್ಯರ ಉಸಿರನ್ನು ಮಾರುವುದಕ್ಕಿಂತ ನೀರನ್ನು ಮಾರುವುದು ಮೇಲೆಂದು ಯಾರಾದರೂ ಹೇಳಿದರೆ ಆ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

1986ರ ಅಕ್ಟೋಬರಿನಲ್ಲಿ ಉಭಯ ದೇಶಗಳಿಗೂ ಒಪ್ಪಂದವಾಯಿತು. ಕಾಟ್ಸೆ ಎಂಬಲ್ಲಿ ಸುಮಾರು 600 ಅಡಿ ಎತ್ತರದ ಅಣೆಕಟ್ಟು ಎದ್ದಿತು. 1998ರಿಂದ ಅಲ್ಲಿಯ ನೀರು ಸುಮಾರು 50 ಮೈಲಿ ಉದ್ದದ ಸುರಂಗಗಳ ಮೂಲಕ ಹರಿದು ಜೋಹಾನ್ಸ್‌ಬರ್ಗ್ ನಗರವಿರುವ ಪ್ರಾಂತಕ್ಕೆ ಒದಗುತ್ತಿದೆ. ಬೆಲೆಯನ್ನು ಗೊತ್ತುಮಾಡಿದ ರೀತಿಯು ವಿಚಾರಾರ್ಹವಾದುದು. ಸೆಂಕು ನದಿಯು ಹೇಗೂ ಕೆಳಗಿನ ನಾಡಿಗೇ ಇಳಿಯತಕ್ಕದ್ದು. ಆದರೆ ಕೆಳಗೆ ಹಿಡಿದ ನೀರನ್ನು ನಗರಗಳಿಗೆ ಒಯ್ಯಬೇಕಾದರೆ ಯಂತ್ರಗಳಿಂದ ಮೇಲಕ್ಕೆತ್ತಬೇಕು. ಬೆಟ್ಟದಲ್ಲಿ ಹಿಡಿದರೆ ಅದು ತಾನಾಗಿ ಹರಿಯುವುದು. ಹೀಗೆ ಉಳಿಯುವ ವೆಚ್ಚದಲ್ಲಿ ನೂರಕ್ಕೆ 56 ಪಾಲು ಲೆಸೊಥೊವಿಗೆ, 44 ಪಾಲು ನೆರೆಯವರಿಗೆ ಎಂದು ನಿರ್ಣಯವಾಯಿತು. ಸೂಕ್ಷ್ಮವಾಗಿ ನೋಡಿದಲ್ಲಿ ಆ ನಾಡು ಮಾರುತ್ತಿರುವುದು ನೀರನ್ನಲ್ಲ, ತನ್ನ ಎತ್ತರವನ್ನು. ಬಾಯಾರಿದವನ ಕೈಯಿಂದ ಹಣ ಕಿತ್ತ ದೋಷವು ಅದಕ್ಕೆ ತಟ್ಟಲಾರದು. ಕೊಳ್ಳುವವನು ಸಿರಿವಂತ, ಕೊಡುವವನು ಬಡವ.

ಆದರೆ ಇಲ್ಲಿಗೆ ಧರ್ಮವಿಚಾರವು ಮುಗಿಯುವುದಿಲ್ಲ. ಆ ಎತ್ತರವು ಯಾರದು? ಒಪ್ಪಂದಕ್ಕೆ ರುಜು ಹಾಕಿದುದು ಪ್ರಜೆಗಳು ಆರಿಸಿದ ಸರಕಾರವಲ್ಲ. ಅದೇ ವರ್ಷದ ಜನವರಿಯಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದದ ಸರಕಾರವು ಗಡಿಗಳನ್ನು ಬಿಗಿಹಿಡಿದಿದ್ದಾಗ ಅಧಿಕಾರಕ್ಕೆ ಬಂದ ಸೇನೆಯ ಆಡಳಿತವದು. ಬೆಟ್ಟದ ಚಳಿಯನ್ನೂ ಹಿಮವನ್ನೂ ತಲೆಮಾರುಗಳಿಂದ ಸಹಿಸಿದವರ ಸಮ್ಮತಿಯನ್ನು ಯಾರೂ ಕೇಳಲಿಲ್ಲ. ಕಾಟ್ಸೆಯಲ್ಲಿಯೂ ಬಳಿಕ ಮೊಹಾಲೆಯ ಫಲವತ್ತಾದ ಕಣಿವೆಯಲ್ಲಿಯೂ ಹೊಲಗಳು ಮುಳುಗಿದವು. ವರ್ಷವರ್ಷವೂ ಧಾನ್ಯವನ್ನೋ ಹಣವನ್ನೋ ಪರಿಹಾರವಾಗಿ ಕೊಡುವ ಏರ್ಪಾಡೇನೋ ಆಯಿತು. ಅದು ಸಾಲದೆಂದೂ ತಡವಾಗುವುದೆಂದೂ ಜನರು ದೂರಿದರು. ಜಲಾಶಯವು ಕಣ್ಣೆದುರಿಗೇ ತುಂಬಿ ನಿಂತಿರಲು ಸುತ್ತಲಿನ ಎಷ್ಟೋ ಹಳ್ಳಿಗಳ ಹೆಂಗಸರು ಊಟೆಯ ನೀರನ್ನೇ ಹೊತ್ತು ತರಬೇಕಾಯಿತು.

ಆ ನಾಡಿನ ಹಿರಿಮೆಯನ್ನೂ ಹೇಳದಿರುವುದು ಅನ್ಯಾಯವಾದೀತು. ಯೋಜನೆಯ ಹಿಂದಿನ ಮುಖ್ಯಾಧಿಕಾರಿಯು ಲಂಚ ತೆಗೆದುಕೊಂಡನೆಂದು ಅಲ್ಲಿಯ ನ್ಯಾಯಾಲಯವೇ 2002ರಲ್ಲಿ ಅವನಿಗೆ ಸೆರೆವಾಸವನ್ನು ವಿಧಿಸಿತು. ಅನಂತರ ಲಂಚವಿತ್ತ ವಿದೇಶೀ ಕಂಪನಿಗಳನ್ನೂ ದಂಡಿಸಿತು. ಬಡದೇಶವು ಪ್ರಬಲರಿಗೆ ಅಂಜಲೇಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಆದುದರಿಂದ ಇಲ್ಲಿ ವಿಚಾರಿಸತಕ್ಕದ್ದು ನೀರನ್ನು ಮಾರಬಹುದೇ ಎಂಬುದಕ್ಕಿಂತಲೂ, ಬಂದ ಬೆಲೆಯು ಯಾರ ಮನೆಗೆ ಮೊದಲು ಸೇರಬೇಕೆಂಬುದನ್ನು. ಹೊಲವನ್ನು ಕಳೆದುಕೊಂಡವನಿಗೆ ಕೊಡುವುದು ದಾನವಲ್ಲ. ಅದು ತೀರಿಸಬೇಕಾದ ಸಾಲ. ಕುಡಿಯಬಂದವನ ಲೆಕ್ಕವನ್ನು ಬರೆಯದಿರುವುದು ಅರವಟ್ಟಿಗೆಯ ಧರ್ಮವಾದರೆ, ಬಾವಿಗೆ ನೆಲವನ್ನು ಬಿಟ್ಟುಕೊಟ್ಟವನ ಲೆಕ್ಕವನ್ನು ಮರೆಯದಿರುವುದೂ ಧರ್ಮವೇ.