ಆಳು, ಆಡು ಮತ್ತು ಹಿಟ್ಟಿನ ಪಶು

ಕೊಡಗಿನ ಕಡಿಯತ್ನಾಡಿನ ಎರಡು ಗ್ರಾಮಗಳಲ್ಲಿ ಹಿಂದೆ ಮೂರು ವರ್ಷಕ್ಕೊಮ್ಮೆ ಭದ್ರಕಾಳಿಗೆ ನರಬಲಿ ಸಲ್ಲುತ್ತಿತ್ತೆಂಬ ಐತಿಹ್ಯವನ್ನು ಬ್ರಿಟಿಷರ ಕಾಲದ ಗ್ರಂಥಗಳು ದಾಖಲಿಸಿವೆ. ಬಲಿಯ ಸಮಯದಲ್ಲಿ ನೆರೆದ ಜನ "ಆಳ್ ಅಮ್ಮಾ" ಎಂದು ಕೂಗುತ್ತಿದ್ದರಂತೆ. ಒಮ್ಮೆ ಭಕ್ತನೊಬ್ಬನು "ಆಳಲ್ಲ ಅಮ್ಮಾ, ಆಡು" ಎಂದು ಕೂಗಿಬಿಟ್ಟನು. ಅಂದಿನಿಂದ ಮನುಷ್ಯನ ಸ್ಥಾನಕ್ಕೆ ಊನವಿಲ್ಲದ ಹೋತ ಬಂದಿತು.

ಒಬ್ಬ ಮನುಷ್ಯ ಉಳಿದುದು ಸಣ್ಣ ಮಾತಲ್ಲ. ಆದರೆ ಇಂಥ ಕಥೆಗಳಿಂದ ಕೆಲವರು ಒಂದು ಸಿದ್ಧಾಂತವನ್ನೇ ಹೊರಡಿಸುತ್ತಾರೆ: ನಮ್ಮೊಳಗಿನ ಕ್ರೌರ್ಯವು ಮೂಕಪ್ರಾಣಿಯ ಮೇಲೆ ಹರಿದುಹೋದರೆ ನೆರೆಯವನು ಸುರಕ್ಷಿತನು ಎಂದು. ಇದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಆಳಿನ ಜಾಗಕ್ಕೆ ಆಡು ಬರಬಹುದಾದರೆ ಆಡಿನ ಜಾಗಕ್ಕೆ ಆಳೂ ಬರಬಹುದು. ಕತ್ತಿಯೂ ಅದೇ, ಕೈಯೂ ಅದೇ.

ಜನ್ನ ಕವಿಯು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ಇದೇ ನೋಟವಿದೆ. ಮಾರಿದತ್ತ ರಾಜನ ಆಜ್ಞೆಯಂತೆ ಚಂಡಮಾರಿಯ ಜಾತ್ರೆಗೆ ಪ್ರಾಣಿಗಳ ಹಿಂಡಿನ ಜೊತೆಗೇ ಎಳೆಯ ಅಣ್ಣತಂಗಿಯರಿಬ್ಬರನ್ನೂ ಹಿಡಿತರುತ್ತಾರೆ. ಆ ಬಾಲಕನು ಹೇಳುವ ತನ್ನ ಪೂರ್ವಜನ್ಮದ ಕಥೆಯಂತೂ ಇನ್ನೂ ಸೂಕ್ಷ್ಮ. ಯಶೋಧರ ರಾಜನಾಗಿದ್ದಾಗ ಅವನು ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಕಡಿದನು. ನಿಜವಾದ ಕೋಳಿ ಸಾಯಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ನೊಂದರು. ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬುದು ಜೈನಕವಿಯ ಅಭಿಪ್ರಾಯ.

ಪಿಷ್ಟಪಶುವನ್ನು ಅಂಗೀಕರಿಸಿದ ನಮಗೆ ಈ ಕಾವ್ಯ ಕೊಂಚ ಮುಜುಗರ ತರುವಂಥದೇ. ನಮ್ಮ ಯಜ್ಞದಲ್ಲಿಯೂ ಹಿಟ್ಟೇ ಅಲ್ಲವೇ? ಉತ್ತರವುಂಟು. ಶ್ರೀಮದಾಚಾರ್ಯರ ಸಂಪ್ರದಾಯದಲ್ಲಿ ಹಿಟ್ಟು ಬಂದುದು ಪಶುವಿಗೆ ಅಭಯ ಕೊಡುವುದಕ್ಕಾಗಿ, ಶ್ರೀಹರಿಯ ಪ್ರೀತಿಗಾಗಿ. ಯಶೋಧರನು ಕೇಡು ಕಳೆಯಲೆಂದು, ಕೋಳಿಯೆಂದೇ ಭಾವಿಸಿ ಕಡಿದನು. ಆದರೆ ಯಜ್ಞಶಾಲೆಯಲ್ಲಿ ಹಿಟ್ಟು, ಅಂಗಳದಲ್ಲಿ ದೊಣ್ಣೆ ಎಂದಾದರೆ ನಮ್ಮ ಈ ಉತ್ತರ ನಿಲ್ಲಲಾರದು. ಏಕಾದಶಿಯಂದು ನಿರ್ಜಲ ಉಪವಾಸ ಮಾಡುವವರೇ ಬಾಗಿಲಿಗೆ ಬಂದ ನಾಯಿಯ ಮೇಲೆ ಬಿಸಿನೀರು ಎರಚುವುದುಂಟು. ಪಕ್ಕದಲ್ಲಿ ನಿಂತ ಮಗು ಆಗ ಕಲಿಯುವುದೇನನ್ನು? ನೋವಿನ ಕೂಗು ಕೇಳಿದರೂ ಕೇಳದಂತಿರುವುದನ್ನು. ಮುಂದೆ ಆ ಕಿವುಡುತನವು ಸೊಸೆಯ ಅಳುವಿಗೂ ಸಲ್ಲುತ್ತದೆ, ಕಾಫಿ ತೋಟದ ಕೂಲಿಯಾಳಿನ ಮೊರೆಗೂ ಸಲ್ಲುತ್ತದೆ.

ನಾಯಿಗೆ ಕಲ್ಲೆಸೆದವರೆಲ್ಲ ಕೊಲೆಗಡುಕರಾಗುವರೆಂದು ನಾವು ಹೇಳುತ್ತಿಲ್ಲ. ಹಸುವನ್ನು ಪೂಜಿಸಿ ಹೆಂಡತಿಯನ್ನು ಹೊಡೆಯುವವರೂ ಇದ್ದಾರೆ. ಆದರೆ ಈ ಎರಡು ಹಿಂಸೆಗಳ ನಂಟನ್ನು ಲೋಕ ಈಗ ಗಂಭೀರವಾಗಿ ಎಣಿಸುತ್ತಿದೆ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ. 2016ರಿಂದ ಪ್ರಾಣಿಹಿಂಸೆಯನ್ನು ಪ್ರತ್ಯೇಕ ಅಪರಾಧವಾಗಿ ಲೆಕ್ಕವಿಡುತ್ತಿದೆ. ನಮ್ಮಲ್ಲಿ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಮೊದಲ ಅಪರಾಧಕ್ಕೆ ವಿಧಿಸುವ ದಂಡ ಇಂದಿಗೂ 10ರಿಂದ 50 ರೂಪಾಯಿ. ದೇವರಿಗೆ ಒಂದು ತೆಂಗಿನಕಾಯಿ ಒಡೆಸಲು ಬೇಕಾಗುವಷ್ಟು.