ಬಾಗಿಲ ಹೊರಗೆ ಬಿಟ್ಟ ಚಪ್ಪಲಿ

ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶ
ವಾಕ್ಯಭಾಗ: ಧರ್ಮೋಪದೇಶಕಾಂಡ 22:1-8, ಲೂಕ 15:20-24

ಪಕ್ಕದಲ್ಲಿ ಕೂತವರ ಮುಖ ನೋಡಿ, "ನೀವು ಬಂದದ್ದು ಸಂತೋಷ" ಅಂತ ಹೇಳ್ರಿ. ಮುಖ ನೋಡಿ ಹೇಳ್ರಿ, ಕಾಲು ನೋಡಿ ಅಲ್ಲ. ಯಾಕೆ ಹಾಗಂದೆ ಅನ್ನೋದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ನವಲಗುಂದ, ಅಣ್ಣಿಗೇರಿ ಕಡೆಯವರು ಎಷ್ಟು ಜನ ಇದ್ದೀರಿ? ಕೈ ಎತ್ರಿ. ಕುಂದಗೋಳ? ಕಲಘಟಗಿ? ಸ್ತೋತ್ರ. ಅರ್ಧ ಸಭೆ ನಮ್ಮ ಕಡೆಯದೇ ಇದೆ. ನಾನೂ ನವಲಗುಂದ ತಾಲೂಕಿನ ಹಳ್ಳಿಯವನು. ಮಳೆ ಬಿದ್ದ ಮರುದಿನ ಎರಿ ಹೊಲದಲ್ಲಿ ನಡೆದವರಿಗೆ ಗೊತ್ತು. ಹತ್ತು ಹೆಜ್ಜೆ ಇಡೋದರೊಳಗೆ ಚಪ್ಪಲಿಯ ಕೆಳಗೆ ನಾಲ್ಕು ಇಂಚು ರಾಡಿ ಅಂಟಿಕೊಳ್ಳುತ್ತದೆ. ನಾನು ಹುಟ್ಟಿದಾಗಿಂದ ಹೈ ಹೀಲ್ಸ್ ಹಾಕಿದವನೇ ಪ್ರಿಯರೇ, ಎರಿ ಮಣ್ಣಿನ ಹೈ ಹೀಲ್ಸ್! ನಮ್ಮೂರಲ್ಲಿ ಗೌಡರಿಂದ ಹಿಡಿದು ಕೂಲಿಯವರವರೆಗೆ ಎಲ್ಲ ಗಂಡಸರೂ ಹಾಕಿದವರೇ. ಯಾರೂ ನಗಲಿಲ್ಲ.

ಸರಿ, ನಗು ಸಾಕು. ಹೋದ ವಾರ ನಮ್ಮ ಯುವಜನರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಂದು ವಿಡಿಯೋ ಹಾಕಿದ್ದರು. ಒಬ್ಬ ಹುಡುಗ ಹೈ ಹೀಲ್ಸ್ ಹಾಕಿಕೊಂಡು ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾನೆ. ಕೆಳಗೆ ನಗುವ ಚಿತ್ರಗಳು, ಮತ್ತೆ ಒಂದು ವಾಕ್ಯ: ಧರ್ಮೋಪದೇಶಕಾಂಡ 22:5. ಗಂಡಸು ಹೆಂಗಸಿನ ಉಡುಪು ಹಾಕಬಾರದು, ಹೆಂಗಸು ಗಂಡಸಿನದು ಹಾಕಬಾರದು ಅನ್ನುವ ಆಜ್ಞೆ. "ಪಾಸ್ಟರ್, ಇದಕ್ಕೆ ಏನಂತೀರಿ?" ಅಂತ ಕೇಳಿದ್ದರು. ಇವತ್ತು ಉತ್ತರ ಕೊಡುತ್ತೇನೆ. ಆದರೆ ಉತ್ತರಕ್ಕೆ ಮೊದಲು ನಿಮ್ಮ ಮುಂದೆ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಮೊದಲು ವಾಕ್ಯ. ಸತ್ಯವೇದ ತೆಗೀರಿ. 22ನೇ ಅಧ್ಯಾಯ ಐದನೇ ವಚನದಿಂದ ಶುರುವಾಗೋದಿಲ್ಲ, ಒಂದನೇ ವಚನದಿಂದ ಶುರುವಾಗುತ್ತದೆ. ಅಲ್ಲಿ ಏನಿದೆ? ನಿನ್ನ ಸಹೋದರನ ಎತ್ತು ದಾರಿ ತಪ್ಪಿದ್ದನ್ನು ಕಂಡರೆ, ಕಂಡೂ ಕಾಣದಂತೆ ಹೋಗಬೇಡ, ಅದನ್ನು ಹೊಡೆದುಕೊಂಡು ಹೋಗಿ ಅವನಿಗೆ ಮುಟ್ಟಿಸು. ಅವನ ಕತ್ತೆ ದಾರಿಯಲ್ಲಿ ಬಿದ್ದಿದ್ದರೆ ಎಬ್ಬಿಸಲು ಕೈ ಹಚ್ಚು. ಆಮೇಲೆ ಐದನೇ ವಚನ, ಬಟ್ಟೆಯ ಮಾತು. ಆಮೇಲೆ ಎಂಟನೇ ವಚನ: ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಕುಂಬಿ ಕಟ್ಟು, ಯಾರಾದರೂ ಮೇಲಿಂದ ಬಿದ್ದು ಸತ್ತರೆ ಆ ರಕ್ತದ ಅಪರಾಧ ನಿನ್ನ ಮನೆಯ ಮೇಲೆ ಬರುತ್ತದೆ.

ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳು ನಿಮಗೆ ಗೊತ್ತು. ಬೇಸಿಗೆಯಲ್ಲಿ ಮಕ್ಕಳೆಲ್ಲ ಮೇಲೆ ಮಲಗೋದು. ಅವ್ವ ರಾತ್ರಿ ಎರಡು ಸಲ ಎದ್ದು ಬಂದು ನೋಡುತ್ತಿದ್ದಳು, ಯಾವ ಕೂಸು ಅಂಚಿಗೆ ಉರುಳಿದೆ ಅಂತ. ಕುಂಬಿ ಕಟ್ಟು ಅಂದರೆ ಅರ್ಥ ಇದೇ. ನಿನ್ನ ಮನೆಗೆ ಬಂದವನು ನಿನ್ನ ಮನೆಯಿಂದ ಬಿದ್ದು ಸಾಯಬಾರದು.

ನಾವು ಏನು ಮಾಡಿದೆವು? ಎತ್ತಿನ ವಚನ ಬಿಟ್ಟೆವು. ಕುಂಬಿಯ ವಚನ ಬಿಟ್ಟೆವು. ನಡುವಿನ ಒಂದೇ ಒಂದು ವಚನ ಕಿತ್ತುಕೊಂಡು ಕಲ್ಲಿನ ಹಾಗೆ ಕೈಯಲ್ಲಿ ಹಿಡಿದೆವು. ಅಷ್ಟೇ ಅಲ್ಲ, ಅದೇ ಅಧ್ಯಾಯದ ಹನ್ನೊಂದನೇ ವಚನ ಉಣ್ಣೆ ಮತ್ತು ನಾರು ಬೆರೆಸಿದ ಬಟ್ಟೆ ಬೇಡ ಅನ್ನುತ್ತದೆ. ಆ ವಚನ ಹಿಡಿದು ಯಾರೂ ಬಟ್ಟೆ ಅಂಗಡಿಯ ಮುಂದೆ ನಿಂತದ್ದು ನಾನು ನೋಡಿಲ್ಲ.

ಇದೇ ಐದನೇ ವಚನವನ್ನು ಒಂದು ಕಾಲದಲ್ಲಿ ನಮ್ಮ ಸಭೆಗಳಲ್ಲಿ ಪ್ಯಾಂಟು ಹಾಕಿದ ತಂಗಿಯರ ಮೇಲೆ ಎಸೆದಿದ್ದಾರೆ. ಇವತ್ತು ಜೀನ್ಸ್ ಹಾಕಿದ ತಂಗಿ ವರ್ಷಿಪ್ ಟೀಮಿನಲ್ಲಿ ಕೀಬೋರ್ಡ್ ನುಡಿಸುತ್ತಾಳೆ, ಯಾರ ರಕ್ಷಣೆಯೂ ಹೋಗಲಿಲ್ಲ. ಹಾಗಾದರೆ ದೇವರ ವಾಕ್ಯ ಬದಲಾಯಿತಾ? ಇಲ್ಲ. ಯಾವುದು ಗಂಡಸಿನ ಉಡುಪು, ಯಾವುದು ಹೆಂಗಸಿನದು ಅನ್ನುವ ನಮ್ಮ ರೂಢಿ ಬದಲಾಯಿತು.

ಹೈ ಹೀಲ್ಸ್ ಕಥೆಯೂ ಹಾಗೇ. ಎತ್ತರದ ಹಿಮ್ಮಡಿಯ ಚಪ್ಪಲಿ ಮೊದಲು ಹಾಕಿದವರಲ್ಲಿ ಪರ್ಷಿಯಾದ ಕುದುರೆ ಸವಾರರಿದ್ದರು, ಗಂಡಸರು. ಕುದುರೆಯ ಮೇಲೆ ನಿಂತು ಬಾಣ ಬಿಡುವಾಗ ಕಾಲು ರಿಕಾಪಿನಿಂದ ಜಾರಬಾರದು ಅಂತ ಹಿಮ್ಮಡಿ. 1600ರ ಹೊತ್ತಿಗೆ ಅದು ಯುರೋಪಿಗೆ ಹೋಯಿತು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ 1701ರ ದೊಡ್ಡ ಚಿತ್ರ ನೆಟ್‌ನಲ್ಲಿ ಸಿಗುತ್ತದೆ, ನೋಡ್ರಿ. ಕೆಂಪು ಹಿಮ್ಮಡಿಯ ಚಪ್ಪಲಿ ಹಾಕಿ ನಿಂತಿದ್ದಾನೆ. ಆಗ ಅದು ಗಂಡಸಿನ ದೌಲತ್ತು. ಆಮೇಲೆ ಗಂಡಸರು ಬಿಟ್ಟರು, ಹೆಂಗಸರಲ್ಲಿ ಉಳಿಯಿತು. ಈಗ ಅದೇ ಚಪ್ಪಲಿ ಗಂಡಸು ಹಾಕಿದರೆ ನಗು. ಒಂದು ಚಪ್ಪಲಿ ಗಂಡೋ ಹೆಣ್ಣೋ ಅಂತ ಆಕಾಶದಿಂದ ಇಳಿದು ಬಂದ ಆಜ್ಞೆಯಲ್ಲ.

"ಪಾಸ್ಟರ್, ಅದು ಫಾರಿನ್ ಕಥೆ, ನಮ್ಮ ಕಡೆ ನಡೆಯೋದಿಲ್ಲ" ಅನ್ನಬೇಡಿ. ಕುಂದಗೋಳದವರು ಹೇಳ್ರಿ, ನಿಮ್ಮೂರಿನ ದೊಡ್ಡ ಹೆಸರು ಯಾರದು? ಸವಾಯಿ ಗಂಧರ್ವ. ರಾಮಭಾವು ಕುಂದಗೋಳಕರ, 1886ರಿಂದ 1952. ಗಂಗೂಬಾಯಿ ಹಾನಗಲ್ಲರ ಗುರು, ಭೀಮಸೇನ ಜೋಶಿಯವರ ಗುರು. ಅವರು ಮರಾಠಿ ನಾಟಕ ಕಂಪನಿಯಲ್ಲಿ ಹೆಸರು ಮಾಡಿದ್ದು ಹೆಣ್ಣಿನ ಪಾತ್ರಗಳಿಂದ. ಸೀರೆ ಉಟ್ಟು, ಒಡವೆ ತೊಟ್ಟು ರಂಗದ ಮೇಲೆ ಬಂದರೆ ಜನ ಮೈಮರೆಯುತ್ತಿದ್ದರು. ಇವತ್ತಿಗೂ ಅವರ ನೆನಪಿಗೆ ಕುಂದಗೋಳದಲ್ಲಿ ಸಂಗೀತ ಉತ್ಸವ ನಡೆಯುತ್ತದೆ. ನಮ್ಮ ಹಳ್ಳಿಗಳ ಸಣ್ಣಾಟ, ದೊಡ್ಡಾಟಗಳಲ್ಲಿ ಕೂಡ ಹಗಲು ನೇಗಿಲು ಹಿಡಿದವನು ರಾತ್ರಿ ಸೀರೆ ಉಟ್ಟು ಕುಣಿಯುತ್ತಿದ್ದ. ಊರೇ ಸೀಟಿ ಹೊಡೆದು ನೋಡಿತು.

ಇನ್ನೊಂದು ಹೆಸರು ಹೇಳುತ್ತೇನೆ. ಮಂಜಮ್ಮ ಜೋಗತಿ. ಮನೆ ತಪ್ಪಿ, ಭಿಕ್ಷೆ ಬೇಡಿ ಬದುಕಿದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ಹೀಲ್ಸ್ ಹಾಕಿದ ಹುಡುಗನ ಬದುಕೂ ಅವರ ಬದುಕೂ ಒಂದೇ ಅಲ್ಲ, ಅದನ್ನೂ ಕಲಸಬೇಡಿ. ನಾನು ಕೇಳೋದು ಇಷ್ಟೇ: ಪ್ರಶಸ್ತಿ ಬಂದ ದಿನ ನಾವೆಲ್ಲ ಫೋಟೋ ಶೇರ್ ಮಾಡಿದೆವು. ಭಿಕ್ಷೆ ಬೇಡುತ್ತಿದ್ದ ದಿನ ಬಸ್ಸಿನಲ್ಲಿ ನಮ್ಮ ಪಕ್ಕ ಸೀಟು ಖಾಲಿ ಇದ್ದಿದ್ದರೆ ಜಾಗ ಕೊಡುತ್ತಿದ್ದೆವಾ?

ನಮ್ಮ ನಾಡಿನ ರೋಗ ಇದು, ಪ್ರಿಯರೇ. ರಂಗದ ಮೇಲೆ ಒಪ್ಪುತ್ತೇವೆ, ಪಕ್ಕದ ಬೆಂಚಿನಲ್ಲಿ ಒಪ್ಪೋದಿಲ್ಲ. ದೂರ ಇದ್ದರೆ ಕಲೆ, ಹತ್ತಿರ ಬಂದರೆ ಅಸಹ್ಯ.

ಈಗ ನನ್ನ ತಪ್ಪು.

ಕೆಲವು ವರ್ಷದ ಹಿಂದೆ ನಮ್ಮ ಆರಾಧನೆಗೆ ಅಣ್ಣಿಗೇರಿ ಕಡೆಯ ಒಬ್ಬ ತಮ್ಮ ಬರುತ್ತಿದ್ದ. ಬಟ್ಟೆ ಅಂಗಡಿಯಲ್ಲಿ ಕೆಲಸ. ಬಾಗಿಲ ಹೊರಗೆ ನಾವೆಲ್ಲ ಚಪ್ಪಲಿ ಬಿಟ್ಟು ಒಳಗೆ ಬರೋದು ನಿಮಗೆ ಗೊತ್ತಿದೆ. ಸಾಲಿನ ಕೊನೆಗೆ ಒಂದು ಜೊತೆ ಕಪ್ಪು ಹೀಲ್ಸ್ ಇರುತ್ತಿತ್ತು. ಯಾವುದೋ ತಂಗಿಯದು ಅಂದುಕೊಂಡಿದ್ದೆವು. ಒಳಗೆ ಎಲ್ಲರೂ ಬರಿಗಾಲು, ಯಾರದು ಯಾವುದು ಯಾರಿಗೂ ಗೊತ್ತಿಲ್ಲ. ಆ ತಮ್ಮ ಕಣ್ಣೀರಿಟ್ಟು ಪ್ರಾರ್ಥಿಸುತ್ತಿದ್ದ. ಒಂದು ಭಾನುವಾರ ನಾನೇ ಅವನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದ್ದೆ.

ಏಪ್ರಿಲ್ ತಿಂಗಳು. ಆರಾಧನೆ ಮುಗಿಸಿ ಹೊರಗೆ ಬಂದು ಅವನು ಆ ಹೀಲ್ಸ್ ಹಾಕಿಕೊಂಡ. ಹಿಂದೆ ನಾಲ್ಕು ಹುಡುಗರು ನಕ್ಕರು. ಒಬ್ಬ ಮೊಬೈಲ್ ತೆಗೆದ. ನಾನು ಅಲ್ಲೇ ನಿಂತಿದ್ದೆ. ನಕ್ಕವರಿಗೆ ಒಂದು ಮಾತು ಹೇಳಲಿಲ್ಲ. ಅವನ ಹತ್ತಿರ ಹೋಗಿ, ಭಾಳ ಪ್ರೀತಿಯ ದನಿಯಲ್ಲಿ, "ತಮ್ಮಾ, ಮುಂದಿನ ವಾರ ಬರುವಾಗ ಬ್ಯಾರೆ ಚಪ್ಪಲಿ ಹಾಕ್ಕೊಂಡು ಬಾಪ್ಪಾ" ಅಂದೆ.

ಅವನು "ಆತು ಅಣ್ಣಾ" ಅಂದ. ಕೂತು ಎರಡೂ ಬಿಚ್ಚಿದ. ಕೈಯಲ್ಲಿ ಹಿಡಿದುಕೊಂಡ. ಸುಡುವ ಡಾಂಬರಿನ ಮೇಲೆ ಬರಿಗಾಲಲ್ಲಿ ಬಸ್ ಸ್ಟಾಪಿನ ಕಡೆ ನಡೆದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ದೇವಜನರೇ, ನನ್ನ ಅಜ್ಜನ ಬಗ್ಗೆ ನಿಮಗೆ ಹೇಳಿಲ್ಲ. ನಮ್ಮೂರಿನ ದೊಡ್ಡವರ ಓಣಿಯಲ್ಲಿ ನಮ್ಮ ಅಜ್ಜ ಚಪ್ಪಲಿ ಹಾಕಿ ನಡೆಯುವ ಹಾಗಿರಲಿಲ್ಲ. ಓಣಿಯ ತುದಿಯಲ್ಲಿ ಬಿಚ್ಚಿ ಕೈಯಲ್ಲಿ ಹಿಡಿದು, ದಾಟಿದ ಮೇಲೆ ಮತ್ತೆ ಹಾಕಿಕೊಳ್ಳಬೇಕಿತ್ತು. ಅಪ್ಪ ಅದನ್ನು ಹೇಳುವಾಗ ಪ್ರತಿ ಸಲ ದನಿ ನಡುಗುತ್ತಿತ್ತು. ನಮ್ಮ ಮನೆತನಕ್ಕೆ ಸುವಾರ್ತೆ ಬಂದಾಗ ಅಜ್ಜನ ಮನಸ್ಸು ಮುಟ್ಟಿದ ವಾಕ್ಯ ಯಾವುದು ಗೊತ್ತೇ? ಲೂಕ 15:22. ತಪ್ಪಿಹೋದ ಮಗ ಮನೆಗೆ ಬಂದಾಗ ತಂದೆ ಕಾಲಿಗೆ ಜೋಡು ಹಾಕಿಸುತ್ತಾನೆ. ಆ ಕಾಲದಲ್ಲಿ ದಾಸರು ಬರಿಗಾಲಲ್ಲಿ ಇರೋದು ಸಾಮಾನ್ಯ. ಮಗನ ಕಾಲಿಗೆ ಜೋಡು. "ನಮಗ ಚಪ್ಪಲಿ ಬಿಚ್ಚು ಅಂದವರ ಊರಾಗ, ಚಪ್ಪಲಿ ಹಾಕೋ ಮಗನ ಅನ್ನೋ ದೇವರು ಸಿಕ್ಕ" ಅಂತ ಅಜ್ಜ ಸಾಕ್ಷಿ ಹೇಳುತ್ತಿದ್ದನಂತೆ.

ಆ ಅಜ್ಜನ ಮೊಮ್ಮಗ ನಾನು. ದೇವರ ಮನೆಯ ಬಾಗಿಲಲ್ಲಿ ನಿಂತು ಒಬ್ಬನ ಚಪ್ಪಲಿ ಬಿಚ್ಚಿಸಿದೆ.

ಪವಿತ್ರಾತ್ಮನು ನನ್ನನ್ನು ಮಲಗಲು ಬಿಡಲಿಲ್ಲ. ತಿಂಗಳ ನಂತರ ಅವನ ಊರಿಗೆ ಹೋದೆ. ಅವರ ಅವ್ವ ಚಹಾ ಕೊಟ್ಟು ಕೇಳಿದಳು, "ನೀವು ನನ್ನ ಮಗಗ ಏನರೆ ಅಂದ್ರೇನ್ರೀ? ಬೆಂಗಳೂರಿಗೆ ಹೋಗ್ಯಾನ. ಮೊದಲಿನ ಗತೆ ಮಾತಾಡೂದಿಲ್ಲ." ನನ್ನ ಬಾಯಿಂದ ಮಾತು ಬರಲಿಲ್ಲ. ನಂಬರ್ ಇಸಿದುಕೊಂಡು ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು ಹೇಳಿದ್ದು ಇಷ್ಟು: "ಅಣ್ಣಾ, ನಾ ಯೇಸುನ್ನ ಬಿಟ್ಟಿಲ್ಲ. ನಿಮ್ಮ ಬಾಗಿಲಿಗೆ ಬರಾಕ ಇನ್ನೂ ಆಗವಲ್ದು." ಅವನು ಇನ್ನೂ ತಿರುಗಿ ಬಂದಿಲ್ಲ, ಪ್ರಿಯರೇ. ನನ್ನ ಮಾಳಿಗೆಗೆ ಕುಂಬಿ ಇರಲಿಲ್ಲ. ಒಬ್ಬ ಬಿದ್ದ. ಜೀವ ಉಳಿದದ್ದು ದೇವರ ಕೃಪೆ, ನನ್ನ ಜಾಣತನವಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಹಾಗಾದರೆ ಪಾಸ್ಟರ್, ಗಂಡಸರು ಹೀಲ್ಸ್ ಹಾಕಬಹುದಾ?" ದೇವರು ಗಂಡು ಹೆಣ್ಣು ಎಂದು ಸೃಷ್ಟಿಸಿದ್ದು ಒಳ್ಳೆಯದು, ಅದನ್ನು ನಾನು ಬಲವಾಗಿ ನಂಬುತ್ತೇನೆ. ಐದನೇ ವಚನ ಸುಳ್ಳು ವೇಷದಿಂದ, ಅನ್ಯಪೂಜೆಯ ರೂಢಿಯಿಂದ ತನ್ನ ಜನರನ್ನು ಕಾಯಲು ದೇವರು ಕೊಟ್ಟದ್ದು ಅಂತ ನಾನು ತಿಳಿಯುತ್ತೇನೆ. ಎರಡು ಇಂಚಿನ ಹಿಮ್ಮಡಿ ದೇವರ ಸೃಷ್ಟಿಯನ್ನು ಅಳಿಸುತ್ತದೆ ಅಂತ ನನಗೆ ವಾಕ್ಯದಲ್ಲಿ ಕಾಣೋದಿಲ್ಲ. ನಮ್ಮ ಹಿರಿಯರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಅವರನ್ನು ನಾನು ಗೌರವಿಸುತ್ತೇನೆ. ರೋಮಾಪುರ 14ನೇ ಅಧ್ಯಾಯ ಇಂಥ ಜಾಗಕ್ಕೇ ಇದೆ. ಆದರೆ ಒಂದು ಮಾತಿನಲ್ಲಿ ಭಿನ್ನಾಭಿಪ್ರಾಯ ಇರಕೂಡದು: ಅವನನ್ನು ನೋಡಿ ನಗೋದು ಪಾಪ. ವಿಡಿಯೋ ಮಾಡೋದು ಪಾಪ. ನಗುವವರ ಪಕ್ಕದಲ್ಲಿ ಸುಮ್ಮನೆ ನಿಲ್ಲೋದು, ನನ್ನ ಹಾಗೆ, ಅದೂ ಪಾಪ.

22ನೇ ಅಧ್ಯಾಯ ತೆಗೆದವರು ಒಂದು ಪುಟ ತಿರುವಿ. 23ನೇ ಅಧ್ಯಾಯದ ಮೊದಲ ವಚನ ನಪುಂಸಕನಿಗೆ ಸಭೆಯ ಬಾಗಿಲು ಮುಚ್ಚುತ್ತದೆ. ಯೆಶಾಯ 56ರಲ್ಲಿ ದೇವರೇ ಅವನಿಗೆ ತನ್ನ ಆಲಯದೊಳಗೆ ಹೆಸರು ಕೊಡುತ್ತೇನೆ ಅನ್ನುತ್ತಾನೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿ ರಥದಲ್ಲಿ ಕೂತು ಯೆಶಾಯನನ್ನೇ ಓದುತ್ತಿದ್ದಾನೆ. ಪವಿತ್ರಾತ್ಮನು ಫಿಲಿಪ್ಪನಿಗೆ ಏನು ಹೇಳಿದ? ದೂರದಿಂದ ಬೋಧಿಸು ಅಂದನಾ? ಹತ್ತಿರ ಹೋಗು ಅಂದ. ಫಿಲಿಪ್ಪ ಓಡಿ ಹೋದ, ರಥ ಹತ್ತಿದ, ಅವನ ಪಕ್ಕದಲ್ಲಿ ಕೂತ. ಹಲ್ಲೆಲೂಯಾ! ಪಕ್ಕದಲ್ಲಿ ಕೂತ!

ಲೂಕ 15ರ ತಂದೆಯನ್ನೂ ನೋಡ್ರಿ. ಮಗನ ಮೈಯಲ್ಲಿ ಹಂದಿಯ ವಾಸನೆ. ಮೊದಲು ಸ್ನಾನ ಮಾಡಿ ಬಾ ಅನ್ನಲಿಲ್ಲ. ಓಡಿ ಬಂದು ಅಪ್ಪಿಕೊಂಡ. ಹೊರಗೆ ನಿಂತು ತಪ್ಪು ಎಣಿಸಿದವನು ಅಣ್ಣ. ಆ ಕಥೆಯಲ್ಲಿ ನಾನು ಇಷ್ಟು ದಿನ ತಂದೆಯ ಪಾತ್ರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅಣ್ಣನ ಪಾತ್ರ ಮಾಡುತ್ತಿದ್ದೆ.

ಯೌವನಸ್ಥರೇ, ನಿಮ್ಮಲ್ಲಿ ಯಾರಾದರೂ ಬೇರೆ ಥರ ಉಡುವವರು, ಬೇರೆ ಥರ ನಡೆಯುವವರು ಇದ್ದರೆ ಕೇಳ್ರಿ. ನಿಮಗೂ ಒಂದು ಮಾತು ಇದೆ. ಯಾರನ್ನೋ ಕೆಣಕೋದಕ್ಕೆ ಹಾಕುತ್ತೀರೋ, ಯಾವುದೋ ನೋವು ಮುಚ್ಚೋದಕ್ಕೆ ಹಾಕುತ್ತೀರೋ, ಸುಮ್ಮನೆ ಇಷ್ಟ ಅಂತ ಹಾಕುತ್ತೀರೋ, ಅದನ್ನು ಕರ್ತನ ಮುಂದೆ ಮಾತಾಡ್ರಿ. ಆತನು ಹೃದಯ ನೋಡುವವನು, 1 ಸಮುವೇಲ 16:7. ಉತ್ತರ ಸಿಗೋವರೆಗೆ ಹೊರಗೆ ನಿಲ್ಲಬೇಡಿ. ಒಳಗೆ ಬಂದು ಕೇಳ್ರಿ. ತಂದೆ ತಾಯಂದಿರೇ, ನಿಮ್ಮ ಮಗನ ಉಡುಪಿನ ಬಗ್ಗೆ ನಿಮಗೆ ಸಂಕಟ ಇರಬಹುದು. ಸಂಕಟ ಹೇಳ್ರಿ, ಬಾಗಿಲು ಹಾಕಬೇಡ್ರಿ.

ಮೋಶೆಗೆ ದೇವರು ಕೆರ ಬಿಚ್ಚು ಅಂದ. ಅದು ಎಂಥ ಕೆರ ಅಂತ ಕೇಳಲಿಲ್ಲ. ಇವತ್ತು ಹೊರಗೆ ಹೋಗುವಾಗ ಆ ಸಾಲು ನೋಡ್ರಿ. ಎಲ್ಲ ಥರದ ಚಪ್ಪಲಿ ಅಲ್ಲಿವೆ. ನಿಮ್ಮದನ್ನು ಹಾಕಿಕೊಂಡು, ಪಕ್ಕದವನ ಚಪ್ಪಲಿ ದೂರ ಬಿದ್ದಿದ್ದರೆ ಅವನ ಕಾಲಿನ ಹತ್ತಿರ ಸರಿಸಿ ಇಡ್ರಿ. ಈ ವಾರದ ನಿಮ್ಮ ಆರಾಧನೆ ಅದೇ ಆಗಲಿ.

ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ಪರಲೋಕದ ತಂದೆಯೇ, ನಮ್ಮ ಬಾಗಿಲಿಂದ ಬರಿಗಾಲಲ್ಲಿ ಹೋದವರ ಹೆಸರು ನಿನಗೆ ಗೊತ್ತು. ಬೆಂಗಳೂರಿನಲ್ಲಿರುವ ನನ್ನ ಆ ತಮ್ಮನನ್ನು ಈ ಹೊತ್ತು ನೆನಪು ಮಾಡು. ಅವನು ಎಲ್ಲಿದ್ದರೂ ಅವನ ಪಕ್ಕದಲ್ಲಿ ಕೂರುವ ಒಬ್ಬ ಫಿಲಿಪ್ಪನನ್ನು ಕಳುಹಿಸು. ಅವನು ತಿರುಗಿ ಬಂದ ದಿನ ಅವನ ಜೋಡನ್ನು ಸಾಲಿನಲ್ಲಿ ಇಡುವ ಕೈ ನನ್ನದಾಗಲಿ. ನಮ್ಮ ಸಭೆಯ ಮಾಳಿಗೆಗೆ ಕುಂಬಿ ಕಟ್ಟು, ಕರ್ತನೇ. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ, ಆಮೆನ್.